ನಾಲಿಗೆಯ ಮೇಲೆ ಹೊರಿಸಿದ ಅಪವಾದ

"ಮೂರು ತಿಂಗಳು ಅನ್ನ ಮುಟ್ಟಲಿಲ್ಲ, ಸಕ್ಕರೆ ಮುಟ್ಟಲಿಲ್ಲ. ಎಂಟು ಕೆ.ಜಿ. ಇಳಿಯಿತು. ವರ್ಷ ತುಂಬುವುದರೊಳಗೆ ಅಷ್ಟೂ ವಾಪಸ್ ಬಂತು. ನನ್ನ ಮನಸ್ಸೇ ಗಟ್ಟಿಯಿಲ್ಲವೇ?" ತೂಕದ ಮಾತು ಬಂದಾಗಲೆಲ್ಲ ಓದುಗರಿಂದ ಒಂದಲ್ಲ ಒಂದು ರೂಪದಲ್ಲಿ ಬರುವ ಪ್ರಶ್ನೆಯಿದು. ಇದರ ಮುಕ್ಕಾಲು ಭಾಗ ಶರೀರಶಾಸ್ತ್ರಕ್ಕೆ ಸೇರಿದ್ದು, ಕೊನೆಯ ವಾಕ್ಯ ಮಾತ್ರ ತಪ್ಪೊಪ್ಪಿಗೆಯ ಹಾಗಿದೆ. ಸುತ್ತಲಿನವರ ತೀರ್ಪೂ ಅದೇ ಧಾಟಿಯದು: ಬಾಯಿ ಕಟ್ಟಲಾಗಲಿಲ್ಲ, ನಾಲಿಗೆ ಚಪಲ ಬಿಡಲಿಲ್ಲ. ಕಟ್ಟುನಿಟ್ಟಿನ ಡಯಟ್ ಸೋತಾಗ ಡಯಟ್ಟನ್ನು ಯಾರೂ ದೂರುವುದಿಲ್ಲ, ಮಾಡಿದವರನ್ನೇ ದೂರುತ್ತಾರೆ. ಈ ತೀರ್ಪು ತಪ್ಪು. ಹೀಗೆ ಹೇಳುವುದು ಸೋತವರನ್ನು ಸಮಾಧಾನಪಡಿಸಲಿಕ್ಕಲ್ಲ. ಕಳೆದ ಮೂರು ದಶಕಗಳ ಸಂಶೋಧನೆ ಬೆರಳು ತೋರಿಸುತ್ತಿರುವುದು ನಾಲಿಗೆಯ ಕಡೆಗಲ್ಲ, ನಮ್ಮ ಅರಿವಿಗೇ ಬಾರದಂತೆ ಮಿದುಳಿನ ಆಳದಲ್ಲಿ ನಡೆಯುವ ಒಂದು ಲೆಕ್ಕಾಚಾರದ ಕಡೆಗೆ.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳೋಣ. ಡಯಟ್ ಶುರುವಾದ ಮೊದಲ ವಾರವೇ ತೂಕದ ಯಂತ್ರ ಒಂದೂವರೆ, ಎರಡು ಕೆ.ಜಿ. ಕಡಿಮೆ ತೋರಿಸುತ್ತದೆ. ಬೆಳಿಗ್ಗೆ ಕುಡಿದ ನಿಂಬೆ–ಜೇನಿನ ಬಿಸಿನೀರು ಕೊಬ್ಬನ್ನು ಕರಗಿಸಿತು ಎಂದು ನಂಬಿಕೆ ಹುಟ್ಟುವುದು ಆಗಲೇ. ಬಿಸಿನೀರಿನಲ್ಲಿ ಕರಗಲು ಕೊಬ್ಬೇನು ಪಾತ್ರೆಗೆ ಅಂಟಿದ ಜಿಡ್ಡಲ್ಲ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಶರ್ಕರದ ದಾಸ್ತಾನು ಸುಮಾರು 400ರಿಂದ 500 ಗ್ರಾಂ ಇರುತ್ತದೆ. ಅದರ ಒಂದೊಂದು ಗ್ರಾಂ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಮುದ್ದೆ, ಚಪಾತಿ ಏಕಾಏಕಿ ನಿಂತಾಗ ದೇಹ ಈ ದಾಸ್ತಾನಿಗೆ ಕೈಹಾಕುತ್ತದೆ. ಬಿಡುಗಡೆಯಾದ ನೀರು ಮೂತ್ರವಾಗಿ ಹೊರಟುಹೋಗುತ್ತದೆ. ಇಳಿದ ತೂಕದಲ್ಲಿ ದೊಡ್ಡ ಪಾಲು ಈ ನೀರಿನದು. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿರುತ್ತದೆ, ದಿನಕ್ಕೆ 500 ಕ್ಯಾಲರಿ ಕಡಿಮೆ ತಿಂದರೂ ಅದನ್ನು ಖರ್ಚುಮಾಡಲು ಎರಡು ವಾರ ಬೇಕು. ಮೊದಲ ವಾರದ ಈ ಸುಲಭದ ಗೆಲುವೇ ಮುಂದಿನ ನಿರಾಸೆಗೆ ಬೀಜ ಬಿತ್ತುತ್ತದೆ.

ಇನ್ನು ಮುಖ್ಯ ವಿಷಯ. ತೂಕ ಮರಳುವುದು ಮನಸ್ಸಿನ ದೌರ್ಬಲ್ಯದಿಂದಲೋ ದೇಹದ ಒತ್ತಾಯದಿಂದಲೋ ಎಂದು ಬೇರ್ಪಡಿಸಿ ನೋಡುವುದು ಹೇಗೆ? ಡಯಟ್ ಮಾಡುವವರಿಗೆ ತಾವು ಡಯಟ್ ಮಾಡುತ್ತಿದ್ದೇವೆಂದು ಗೊತ್ತಿರುತ್ತದೆ. ಆಸೆ, ಬೇಸರ, ಛಲ ಎಲ್ಲವೂ ಅದರಲ್ಲಿ ಕಲಸಿಹೋಗಿರುತ್ತವೆ. ಗೊತ್ತೇ ಆಗದಂತೆ ಮನುಷ್ಯನ ದೇಹದಿಂದ ದಿನಾ ಒಂದಿಷ್ಟು ಕ್ಯಾಲರಿ ಕದಿಯಲು ಸಾಧ್ಯವಾದರೆ? ಸಕ್ಕರೆ ಕಾಯಿಲೆಯ ಒಂದು ಬಗೆಯ ಮಾತ್ರೆ ಮಾಡುವುದು ಇದನ್ನೇ. ಮೂತ್ರಪಿಂಡಗಳು ರಕ್ತವನ್ನು ಸೋಸುವಾಗ ಅದರಲ್ಲಿರುವ ಗ್ಲೂಕೋಸನ್ನು ಸಾಮಾನ್ಯವಾಗಿ ವಾಪಸ್ ಹೀರಿಕೊಳ್ಳುತ್ತವೆ. ಕೆನಾಗ್ಲಿಫ್ಲೋಜಿನ್ ಎಂಬ ಔಷಧ ಈ ಹೀರುವಿಕೆಯನ್ನು ತಡೆಯುತ್ತದೆ. ಆಗ ದಿನಕ್ಕೆ ಸುಮಾರು 90 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು 360 ಕ್ಯಾಲರಿ, ಮೂತ್ರದಲ್ಲಿ ಸೋರಿಹೋಗುತ್ತದೆ. ಈ ಸೋರಿಕೆ ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಈ ಮಾತ್ರೆಯನ್ನು ಒಂದು ವರ್ಷ ತೆಗೆದುಕೊಂಡ 153 ಮಂದಿಯ ತೂಕದ ದಾಖಲೆಯನ್ನು ಡೇವಿಡ್ ಪೊಲಿಡೋರಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಗಾರರು 2016ರಲ್ಲಿ ಗಣಿತದ ಒರೆಗೆ ಹಚ್ಚಿದರು. ಸೋರಿಕೆ ವರ್ಷವಿಡೀ ನಡೆದೇ ಇತ್ತು, ತೂಕ ಮಾತ್ರ ಸುಮಾರು 4 ಕೆ.ಜಿ. ಇಳಿದು ನಿಂತುಬಿಟ್ಟಿತು. ಏಕೆಂದರೆ ಆ ಜನ ತಮಗರಿವಿಲ್ಲದೆಯೇ ಹೆಚ್ಚು ಉಣ್ಣತೊಡಗಿದ್ದರು. ಲೆಕ್ಕ ಹೀಗೆ ಸಿಕ್ಕಿತು: ಇಳಿದ ಒಂದೊಂದು ಕೆ.ಜಿ.ಗೂ ದೇಹದ ದೈನಂದಿನ ಖರ್ಚು 20ರಿಂದ 30 ಕ್ಯಾಲರಿ ತಗ್ಗುತ್ತದೆ, ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲರಿ ಏರುತ್ತದೆ.

ಈ ಸಂಖ್ಯೆಯನ್ನು ಅಡುಗೆಮನೆಗೆ ತಂದು ನೋಡಿ. ನೂರು ಕ್ಯಾಲರಿ ಎಂದರೆ ಹೆಚ್ಚುಕಡಿಮೆ ಒಂದು ಚಪಾತಿ. ನಾಲ್ಕು ಕೆ.ಜಿ. ಇಳಿಸಿದವರ ದೇಹ ಮೊದಲಿನ ಊಟದ ಮೇಲೆ ದಿನಾ ನಾಲ್ಕು ಚಪಾತಿ ಹೆಚ್ಚು ಕೇಳುತ್ತಿರುತ್ತದೆ. ಅದೇ ಪ್ರಮಾಣ ಮುಂದುವರಿದರೆ ಎಂಟು ಕೆ.ಜಿ. ಇಳಿಸಿದವರಿಗೆ ಎಂಟು ಚಪಾತಿಯಷ್ಟು ಹಸಿವು. ಅದು ಒಂದು ದಿನದ ಮಾತಲ್ಲ, ತೂಕ ಕೆಳಗಿರುವಷ್ಟು ದಿನವೂ. ಇಳಿಸಿದಷ್ಟೂ ಸೆಳೆತ ಹೆಚ್ಚುವುದು ಇದರ ಸ್ವಭಾವ, ಎಳೆದಷ್ಟೂ ಬಿಗಿಯಾಗುವ ರಬ್ಬರಿನ ಹಾಗೆ. ಮಾತ್ರೆ ನುಂಗಿದವರಲ್ಲಿ ಯಾರೂ ಯಾವ ವ್ರತವನ್ನೂ ಮುರಿದಿರಲಿಲ್ಲ. ಅವರ ದೇಹ ನಷ್ಟವನ್ನು ಗುರುತಿಸಿ ಮೌನವಾಗಿ ಭರ್ತಿ ಮಾಡಿಕೊಂಡಿತ್ತು, ಅಷ್ಟೇ.

ದೇಹಕ್ಕೆ ನಷ್ಟ ತಿಳಿಯುವುದು ಹೇಗೆ? 1994ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನಿನ ಜೀನನ್ನು ಪತ್ತೆ ಮಾಡಿತು. ಕೊಬ್ಬಿನ ಕೋಶಗಳೇ ಅದನ್ನು ಸ್ರವಿಸುತ್ತವೆ. ಕೊಬ್ಬು ಎಷ್ಟಿದೆ ಎಂಬ ವರದಿಯನ್ನು ಅದು ಮಿದುಳಿನ ಹೈಪೊಥಲಾಮಸ್‌ಗೆ ಒಪ್ಪಿಸುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಜಠರದಿಂದ ಹೊರಡುವ, ಹಸಿವು ಕೆರಳಿಸುವ ಗ್ರೆಲಿನ್ ಕಂಡುಹಿಡಿದರು. ತೂಕ ಇಳಿದಾಗ ಲೆಪ್ಟಿನ್ ಕುಸಿಯುತ್ತದೆ, ಗ್ರೆಲಿನ್ ಏರುತ್ತದೆ. ಡಯಟ್ ಮುಗಿದ ಮೇಲೆ ಇವು ಮೊದಲಿನ ಸ್ಥಿತಿಗೆ ಬರುತ್ತವೆಯೇ ಎಂಬುದೇ ನಿರ್ಣಾಯಕ ಪ್ರಶ್ನೆ. ಮೆಲ್ಬರ್ನ್‌ನ ಸಂಶೋಧಕರು 50 ಮಂದಿ ಸ್ಥೂಲಕಾಯರಿಗೆ 10 ವಾರ ಅತಿ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು ಒಂದು ವರ್ಷ ಅವರ ಬೆನ್ನುಹತ್ತಿದರು. 2011ರಲ್ಲಿ ಪ್ರಕಟವಾದ ಅವರ ಉತ್ತರ: ವರ್ಷ ಕಳೆದರೂ ಹಾರ್ಮೋನುಗಳು ಸ್ವಸ್ಥಾನಕ್ಕೆ ಮರಳಿರಲಿಲ್ಲ, ಹಸಿವು ಮೊದಲಿಗಿಂತ ಹೆಚ್ಚೇ ಇತ್ತು. ಬರಗಾಲಗಳನ್ನು ದಾಟಿಬಂದ ಜೀವಿಗೆ ಇದು ಸಹಜ. ದಾಸ್ತಾನು ಕರಗುತ್ತಿದೆ ಎಂಬುದಷ್ಟೇ ಮಿದುಳಿಗೆ ಗೊತ್ತು. ಅದಕ್ಕೆ ಕಾರಣ ಬರವೋ ಮುಂದಿನ ತಿಂಗಳ ಮದುವೆಗೆ ಹೊಲಿಸಿದ ರವಿಕೆಯೋ ಎಂದು ಅದು ವಿಚಾರಿಸುವುದಿಲ್ಲ.

ಇಲ್ಲಿ ಹಲವರು "ಹಾಗಾದರೆ ನನ್ನ ಮೆಟಬಾಲಿಸಂ ನಿಧಾನವಾಗಿದೆ, ಅದನ್ನು ಚುರುಕುಗೊಳಿಸಬೇಕು" ಎಂದು ಪುಡಿ, ಕಷಾಯಗಳ ಡಬ್ಬಿ ಕೊಳ್ಳುತ್ತಾರೆ. ಇದೂ ತಪ್ಪು ದಾರಿ. ತೂಕ ಇಳಿಸುವ ಸ್ಪರ್ಧೆಯೊಂದು ಅಮೆರಿಕದ ಟಿವಿಯಲ್ಲಿ ಬರುತ್ತಿತ್ತು. ಅದರಲ್ಲಿ ಭಾಗವಹಿಸಿದ 14 ಮಂದಿ 30 ವಾರಗಳಲ್ಲಿ ಸರಾಸರಿ 58 ಕೆ.ಜಿ. ಕಳೆದುಕೊಂಡಿದ್ದರು, ಆರು ವರ್ಷದೊಳಗೆ ಸರಾಸರಿ 41 ಕೆ.ಜಿ. ಮರಳಿ ಪಡೆದರು. ಅಷ್ಟಾದರೂ ವಿಶ್ರಾಂತಿಯಲ್ಲಿ ಅವರ ದೇಹ ಸುಡುತ್ತಿದ್ದುದು ಅಷ್ಟೇ ತೂಕದವರಿಂದ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ. ಆದರೆ ಆ ವರದಿಯ ಕುತೂಹಲದ ಅಂಶ ಬೇರೆಯೇ ಇದೆ: ಇಳಿದ ತೂಕವನ್ನು ಚೆನ್ನಾಗಿ ಉಳಿಸಿಕೊಂಡವರಲ್ಲೇ ಈ ನಿಧಾನ ಹೆಚ್ಚಿತ್ತು. ಅಂದರೆ ದೇಹದ ಉರಿ ತಗ್ಗುವುದು ತೂಕ ಇಳಿದುದರ ಫಲ. ತೂಕವನ್ನು ಮರಳಿ ತರುವ ಮುಖ್ಯ ಕೈ ಹಸಿವಿನದು.

ಆ ಹಸಿವು ಮನುಷ್ಯನನ್ನು ಏನು ಮಾಡುತ್ತದೆಂದು ಹತ್ತಿರದಿಂದ ನೋಡಬೇಕಾದರೆ 1944ರ ನವೆಂಬರಿಗೆ ಹೋಗಬೇಕು. ಯುದ್ಧದಲ್ಲಿ ಹಸಿದ ಯೂರೋಪಿಗೆ ಮತ್ತೆ ಉಣಿಸುವ ಬಗೆ ತಿಳಿಯಲು ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿದರು. ಎಲ್ಲರೂ ಆತ್ಮಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲು ಒಪ್ಪದೆ, ಅದರ ಬದಲಿಗೆ ಈ ಸೇವೆಗೆ ತಾವೇ ಮುಂದೆ ಬಂದವರು. ದೇಹ, ಮನಸ್ಸು ಎರಡನ್ನೂ ಪರೀಕ್ಷಿಸಿ ಆಯ್ದವರು. ಮನೋಬಲಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಕ್ರೀಡಾಂಗಣದ ಕೆಳಗಿನ ಕೊಠಡಿಗಳಲ್ಲಿ ಅವರ ವಾಸ. 24 ವಾರ ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಬ್ರೆಡ್ಡು, ಮ್ಯಾಕರೋನಿ ಸೇರಿ ದಿನಕ್ಕೆ ಸುಮಾರು 1,570 ಕ್ಯಾಲರಿ ಊಟ. ಇವತ್ತು ಅಂಗೈಯಗಲದ ಫೋನಿನಲ್ಲಿ ಸಿಗುವ 1,200 ಕ್ಯಾಲರಿಯ ಪ್ಲಾನುಗಳಿಗಿಂತ ಇದು ಹೆಚ್ಚೇ. ಕೊನೆಗೆ ಅವರ ತೂಕದಲ್ಲಿ ಸುಮಾರು ಕಾಲು ಭಾಗ ಹೋಗಿತ್ತು. ಬೇಸಿಗೆಯಲ್ಲೂ ಚಳಿ. ಓದು, ಗೆಳೆತನ, ಪ್ರೀತಿ ಯಾವುದರಲ್ಲೂ ಆಸಕ್ತಿಯಿಲ್ಲ. ಅಡುಗೆ ಪುಸ್ತಕಗಳನ್ನು ತಂದು ಕಥೆಯಂತೆ ಓದುವುದು, ತುತ್ತನ್ನು ಹೊರಳಿಸಿ ಹೊರಳಿಸಿ ಊಟವನ್ನು ಗಂಟೆಗಟ್ಟಲೆ ಎಳೆಯುವುದು, ಕೊನೆಗೆ ತಟ್ಟೆ ನೆಕ್ಕುವುದು. ಪ್ರಯೋಗ ಮುಗಿದು ಊಟ ಸಿಕ್ಕಮೇಲೆ ಹೊಟ್ಟೆ ಬಿರಿಯುವಷ್ಟು ತಿಂದರೂ ಕೆಲವರಿಗೆ ಹಸಿವು ತಣಿಯಲಿಲ್ಲ. ದೇಹದ ಕೊಬ್ಬು ಮೊದಲಿದ್ದ ಪ್ರಮಾಣವನ್ನೂ ಮೀರಿ ಬೆಳೆಯಿತು. ಅವರು ತೆಳ್ಳಗಿನವರು, ನಮ್ಮಲ್ಲಿ ಬೇಕಾದಷ್ಟು ಕೊಬ್ಬಿದೆಯಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮೆಲ್ಬರ್ನ್‌ನ 50 ಮಂದಿ ಸ್ಥೂಲಕಾಯರೇ ಆಗಿದ್ದರು. ಮಿದುಳು ಅಳೆಯುವುದು ಎಷ್ಟು ಉಳಿದಿದೆ ಎಂಬುದನ್ನು ಮಾತ್ರವಲ್ಲ, ಇದ್ದುದರಲ್ಲಿ ಎಷ್ಟು ಹೋಯಿತು ಎಂಬುದನ್ನೂ.

ಈ ಸೆಳೆತದ ಮೇಲೆ ಡಯಟ್ ಚಾರ್ಟು ತನ್ನದೊಂದು ಹೊರೆ ಹೇರುತ್ತದೆ. ಬೆಳಿಗ್ಗೆ ಏಳೂವರೆಗೆ ಓಟ್ಸ್, ಹನ್ನೊಂದಕ್ಕೆ ಆರು ಬಾದಾಮಿ, ಒಂದಕ್ಕೆ ಸಲಾಡ್. ಒಲೆಯ ಮೇಲೆ ಉಪ್ಪಿಟ್ಟು ಇರುವ ಮನೆಯಲ್ಲಿ ಇದಕ್ಕೆ ಎರಡನೆಯ ಅಡುಗೆ ಆಗಬೇಕು. ಡಯಟ್ ಮಾಡುವವಳು ಗೃಹಿಣಿಯಾದರೆ ಎರಡನ್ನೂ ಅವಳೇ ಮಾಡಬೇಕು. ಅಷ್ಟರಲ್ಲಿ ನಾಮಕರಣ, ಗೃಹಪ್ರವೇಶ, ಹಬ್ಬ. ಎಲೆಯ ತುದಿಗೆ ಒಂದು ಹೋಳಿಗೆ ಬೀಳುತ್ತದೆ, ತುಪ್ಪ ಬೀಳುತ್ತದೆ, "ಹೇಗೂ ಇವತ್ತು ಕೆಟ್ಟಿತು" ಎಂದು ಮೂರನೆಯದೂ ಹೋಗುತ್ತದೆ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಮಾಡಿದ ಪ್ರಯೋಗ ಇದನ್ನೇ ತೋರಿಸಿತು. ರುಚಿ ಪರೀಕ್ಷೆಯ ನೆಪದಲ್ಲಿ ವಿದ್ಯಾರ್ಥಿನಿಯರ ಮುಂದೆ ಐಸ್‌ಕ್ರೀಂ ಇಟ್ಟರು. ಅದಕ್ಕೆ ಮುಂಚೆ ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿದ್ದರು. ಊಟದ ಬಗ್ಗೆ ನಿರ್ಬಂಧ ಇಟ್ಟುಕೊಳ್ಳದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಸಹಜವಾಗಿ ಐಸ್‌ಕ್ರೀಂ ಕಡಿಮೆ ತಿಂದರು. ನಿರ್ಬಂಧ ಹಾಕಿಕೊಂಡವರು ಹೆಚ್ಚು ತಿಂದರು. ಒಮ್ಮೆ ಮುರಿದ ಕಟ್ಟಳೆಗೆ ಕಾವಲು ಏಕೆಂದು ಮನಸ್ಸು ಕೈಚೆಲ್ಲಿತ್ತು. ಕಟ್ಟಳೆ ಬಿಗಿಯಾದಷ್ಟೂ ಅದು ಮುರಿಯುವ ಸಂದರ್ಭಗಳೂ ಹೆಚ್ಚು. ಯಾವ ಚಾರ್ಟು ಎಂಬುದೂ ಅಷ್ಟು ಮುಖ್ಯವಲ್ಲ. 14 ಹೆಸರುವಾಸಿ ಡಯಟ್‌ಗಳ 121 ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ನೋಡಿದಾಗ ಆರು ತಿಂಗಳಿಗೆ ಕಂಡ ಲಾಭ ಹನ್ನೆರಡನೆಯ ತಿಂಗಳಿಗೆ ಬಹುಮಟ್ಟಿಗೆ ಮಾಯವಾಗಿತ್ತು. ಅನ್ನವನ್ನು ಖಳನಾಯಕನಂತೆ ನೋಡುವವರೂ ಗಮನಿಸಬೇಕು: ಅಕ್ಕಿ, ಗೋಧಿ ಹಿಟ್ಟು, ರಾಗಿ ಮೂರರಲ್ಲೂ 100 ಗ್ರಾಂಗೆ ಇರುವುದು 320ರಿಂದ 360 ಕ್ಯಾಲರಿ.

ಎದುರುವಾದಗಳಿವೆ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯಷ್ಟೇ ಕೊಟ್ಟಾಗ ವರ್ಷದ ಕೊನೆಗೆ 46% ಜನರ ಕಾಯಿಲೆ ಔಷಧವಿಲ್ಲದೆಯೇ ಹಿಮ್ಮೆಟ್ಟಿತ್ತು. ಇದು ಕಟ್ಟುನಿಟ್ಟಿನ ಗೆಲುವಲ್ಲವೇ? ಗೆಲುವೇ ಹೌದು, ಅಮೂಲ್ಯವಾದದ್ದು. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ, ಗಡುವು ಹಾಕಿ, ಮಾಮೂಲಿ ಊಟಕ್ಕೆ ಮೆಟ್ಟಿಲುಮೆಟ್ಟಿಲಾಗಿ ಮರಳಿಸಿ ಮಾಡಿದ ಚಿಕಿತ್ಸೆ. ಅಷ್ಟಿದ್ದೂ ಎರಡನೆಯ ವರ್ಷಕ್ಕೆ ಪ್ರಮಾಣ 36%ಗೆ ಇಳಿಯಿತು. ಏಕಾದಶಿ ಉಪವಾಸ ಮಾಡಿದ ಹಿರಿಯರಿಗೆ ಸಾಧ್ಯವಾದದ್ದು ನಮಗೇಕಿಲ್ಲ ಎಂಬ ಮಾತೂ ಇದೆ. ಏಕಾದಶಿಗೆ ಮರುದಿನವೇ ಪಾರಣೆ ಇತ್ತು, ತೂಕದ ಗುರಿ ಇರಲಿಲ್ಲ. ಇನ್ನು ಸೆಮಾಗ್ಲುಟೈಡ್ ಚುಚ್ಚುಮದ್ದು. ಅದು ಕರುಳಿನ ಒಂದು ಹಾರ್ಮೋನನ್ನು ಅನುಕರಿಸಿ ಹಸಿವಿನ ಸದ್ದನ್ನೇ ತಗ್ಗಿಸುತ್ತದೆ, ತೂಕ ಸರಾಸರಿ 15% ಇಳಿಯುತ್ತದೆ. ಪ್ರಯೋಗದಲ್ಲಿ ಅದನ್ನು ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ವಾರಕ್ಕೊಮ್ಮೆ ಚುಚ್ಚಿದ ಸೂಜಿಯಿಂದ ಯಾರ ಚಾರಿತ್ರ್ಯವೂ ಗಟ್ಟಿಯಾಗಲಿಲ್ಲ, ಬಿಟ್ಟಾಗ ಯಾರದೂ ಸಡಿಲವಾಗಲಿಲ್ಲ. ಬದಲಾದದ್ದು ಹಸಿವು.

ಹಸಿವೇ ಕೀಲಿಯಾದರೆ ಅದಕ್ಕೆ ಅಪ್ಪಣೆ ಕೊಡುವ ಬದಲು ಅದರೊಡನೆ ಹೊಂದಿಕೊಂಡು ಬಾಳುವ ದಾರಿ ಹುಡುಕಬೇಕು. ಕೆವಿನ್ ಹಾಲ್ ಅವರದೇ 2019ರ ಪ್ರಯೋಗ ಆ ದಾರಿ ತೋರಿಸುತ್ತದೆ. 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಪೊಟ್ಟಣದ ತಿನಿಸು, ಎರಡು ವಾರ ಸಾದಾ ಪದಾರ್ಥಗಳ ಅಡುಗೆ. ಎರಡೂ ಊಟಗಳಲ್ಲಿ ಸಕ್ಕರೆ, ಕೊಬ್ಬು, ನಾರಿನ ಪ್ರಮಾಣ ಸರಿಸಮ. ಬೇಕಾದಷ್ಟು ತಿನ್ನಲು ಅನುಮತಿ. ಪೊಟ್ಟಣದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದು ಸುಮಾರು ಒಂದು ಕೆ.ಜಿ. ಏರಿದರು, ಅಡುಗೆಯ ವಾರಗಳಲ್ಲಿ ಅಷ್ಟೇ ಇಳಿದರು. ಯಾರಿಗೂ ಯಾವ ನಿಷೇಧವೂ ಇರಲಿಲ್ಲ. ತಟ್ಟೆಯಲ್ಲಿ ಅನ್ನದಷ್ಟೇ ಜಾಗ ಪಲ್ಯಕ್ಕೆ, ಹುಳಿಯಲ್ಲಿ ಬೇಳೆ ಧಾರಾಳ, ಕಾಳಿನ ಉಸಲಿ, ಸಂಜೆಯ ಬಿಸ್ಕತ್ತಿನ ಬದಲು ಕಡಲೆಕಾಯಿ, ದಿನಾ ನಡಿಗೆ: ಇವೆಲ್ಲ ಎರಡನೆಯ ಅಡುಗೆ ಕೇಳುವುದಿಲ್ಲ, ಹಬ್ಬದ ಹೋಳಿಗೆಗೆ ಮುರಿದೂ ಬೀಳುವುದಿಲ್ಲ.

ಕನ್ನಡದಲ್ಲಿ ಪಥ್ಯ ಎಂಬ ಮಾತಿದೆ. ಔಷಧ ಇರುವಷ್ಟು ದಿನ ಪಥ್ಯ, ಬಾಣಂತನ ಮುಗಿಯುವವರೆಗೆ ಪಥ್ಯ. ಪಥ್ಯಕ್ಕೆ ಕೊನೆಯಿದೆ, ಆಮೇಲೆ ಇರುವುದು ಊಟ. ಇವತ್ತಿನ ಡಯಟ್ ಪಥ್ಯವನ್ನೇ ಊಟವಾಗಿಸಲು ಹೊರಟಿದೆ. ದೇಹ ಅದಕ್ಕೆ ಒಪ್ಪುತ್ತಿಲ್ಲ. ಎಂಟು ಕೆ.ಜಿ. ಇಳಿಸಿ ಮತ್ತೆ ಏರಿಸಿಕೊಂಡ ಓದುಗರಿಗೆ ಹೇಳಬೇಕಾದದ್ದು ಇಷ್ಟು: ನಿಮ್ಮ ಮನಸ್ಸು ಗಟ್ಟಿಯಾಗಿಯೇ ಇತ್ತು. ದಿನಾ ಎಂಟು ಚಪಾತಿಯಷ್ಟು ಹಸಿವಿನೆದುರು ಅದು ತಿಂಗಳುಗಟ್ಟಲೆ ನಿಂತಿತ್ತು. ಈ ಸಲ ಅದಕ್ಕೆ ಅಷ್ಟು ಭಾರ ಹೊರಿಸಬೇಡಿ. ಮೂರು, ನಾಲ್ಕು ಕೆ.ಜಿ. ಸಾಕು, 80 ಕೆ.ಜಿ. ತೂಕದವರಿಗೆ ನಾಲ್ಕು ಕೆ.ಜಿ. ಎಂದರೆ 5%ರಷ್ಟಾಗುತ್ತದೆ, ರಕ್ತದೊತ್ತಡ, ಸಕ್ಕರೆ ಸುಧಾರಿಸಲು ಅಷ್ಟು ಇಳಿದರೂ ನೆರವಾಗುತ್ತದೆ. ಯಾವುದೇ ಬದಲಾವಣೆಗೆ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಯುಗಾದಿಗೂ, ಅದರ ಮುಂದಿನ ಯುಗಾದಿಗೂ ನಾನು ಹೀಗೆಯೇ ಉಣ್ಣಬಲ್ಲೆನೇ? ಹೌದು ಎನ್ನಿಸಿದ್ದನ್ನು ನಾಳೆಯೇ ಶುರುಮಾಡಿ.