ಟ್ಯಾಬ್ ಕೊಳ್ಳುವವರು ಏಕೆ ಕಡಿಮೆಯಾದರು?

ಮಕ್ಕಳೇ, ಟ್ಯಾಬ್ಲೆಟ್ ಎಂದ ಕೂಡಲೇ ನಿಮಗೆ ನೆನಪಾಗುವುದು ಜ್ವರ ಬಂದಾಗ ನುಂಗುವ ಮಾತ್ರೆ, ಅಲ್ಲವೇ? ನಾವು ಈಗ ಹೇಳಹೊರಟಿರುವುದು ಆ ಟ್ಯಾಬ್ಲೆಟ್ ಬಗ್ಗೆ ಅಲ್ಲ. ಕೀಲಿಮಣೆ ಇಲ್ಲದ, ಚಪ್ಪಟೆಯಾದ, ಗಾಜಿನ ಪರದೆಯನ್ನು ಬೆರಳಿನಿಂದ ಮುಟ್ಟಿ ಕೆಲಸ ಮಾಡಿಸುವ ಗಣಕಯಂತ್ರಕ್ಕೂ ಟ್ಯಾಬ್ಲೆಟ್ ಎಂದೇ ಹೆಸರು. ಚಿಕ್ಕದಾಗಿ ಟ್ಯಾಬ್ ಎನ್ನುತ್ತಾರೆ. ಬಹಳ ಹಿಂದೆ ಬರೆಯಲು ಬಳಸುತ್ತಿದ್ದ ಸಣ್ಣ ಹಲಗೆಗೆ ಇಂಗ್ಲಿಷಿನಲ್ಲಿ ಈ ಹೆಸರಿತ್ತು. ಒಂದನೇ ತರಗತಿಯಲ್ಲಿ ಬಳಪ ಹಿಡಿದು ನೀವು ಅಕ್ಷರ ತಿದ್ದಿದ ಸ್ಲೇಟಿನ ನೆಂಟ ಎನ್ನಿ.

ಈ ವಿದ್ಯುತ್ ಸ್ಲೇಟಿನ ಕಥೆಯಲ್ಲಿ ಒಂದು ಒಗಟಿದೆ. ಮಾರುಕಟ್ಟೆಯ ಲೆಕ್ಕ ಇಡುವ ಐಡಿಸಿ ಎಂಬ ಸಂಸ್ಥೆಯ ಪ್ರಕಾರ 2014ರಲ್ಲಿ ಪ್ರಪಂಚದಲ್ಲೆಲ್ಲ ಸೇರಿ ಸುಮಾರು 23 ಕೋಟಿ ಟ್ಯಾಬ್‌ಗಳು ಕಂಪನಿಗಳಿಂದ ಮಾರಾಟಕ್ಕೆ ಹೋದವು. 2019ರಲ್ಲಿ ಹೋದದ್ದು 14 ಕೋಟಿಯಷ್ಟು. 2023ರಲ್ಲಿ 13 ಕೋಟಿಗೂ ತುಸು ಕಡಿಮೆ. ಹಾಗಾದರೆ ಟ್ಯಾಬ್ ಕೆಟ್ಟ ವಸ್ತುವಾಯಿತೇ? ಇಲ್ಲ. ಈ ಒಂಬತ್ತು ವರ್ಷಗಳಲ್ಲಿ ಅದರ ವೇಗ ಹೆಚ್ಚಿತು, ಪರದೆ ಇನ್ನಷ್ಟು ಸ್ಪಷ್ಟವಾಯಿತು. ವಸ್ತು ಉತ್ತಮವಾಗುತ್ತಾ ಬಂದರೂ ಕೊಳ್ಳುವವರು ಕಡಿಮೆಯಾದರು. ಇದು ಹೇಗೆ?

ಕುಕ್ಕರ್ ಅಂಗಡಿಯ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. 100 ಮನೆಗಳಿರುವ ಒಂದು ಊರು. ಅಲ್ಲಿ ಯಾರ ಮನೆಯಲ್ಲೂ ಪ್ರೆಷರ್ ಕುಕ್ಕರ್ ಇಲ್ಲ ಎಂದುಕೊಳ್ಳಿ. ಪಾತ್ರೆ ಅಂಗಡಿಯವರು ಕುಕ್ಕರ್ ತಂದಿಟ್ಟರು. ಮೊದಲ ವರ್ಷ 30 ಮನೆಯವರು ಕೊಂಡರು. ಬೇಳೆ ಬೇಗ ಬೇಯುತ್ತದೆ, ಉರುವಲು ಉಳಿಯುತ್ತದೆ ಎಂಬ ಸುದ್ದಿ ಹರಡಿತು. ಎರಡನೇ ವರ್ಷ 50 ಮನೆಯವರು ಕೊಂಡರು. ಮೂರನೇ ವರ್ಷ ಉಳಿದ 20 ಮನೆಯವರು. ನಾಲ್ಕನೇ ವರ್ಷ? ಅಂಗಡಿಯವರು ತಲೆಯ ಮೇಲೆ ಕೈಹೊತ್ತು ಕೂತಿದ್ದಾರೆ. "ಕುಕ್ಕರಿನ ಕಾಲ ಮುಗಿಯಿತು" ಎಂದು ಕೊರಗುತ್ತಿದ್ದಾರೆ. ಆದರೆ ಊರೊಳಗೆ ಹೋಗಿ ನೋಡಿ. ಬೆಳಗಾದರೆ 100 ಅಡುಗೆಮನೆಗಳಲ್ಲೂ ಸೀಟಿ ಕೂಗುತ್ತಿದೆ!

ಮಾರಾಟ ಬೇರೆ, ಬಳಕೆ ಬೇರೆ. ಎಲ್ಲರ ಮನೆಗೂ ಕುಕ್ಕರ್ ಬಂದ ಮೇಲೆ ಹೊಸದನ್ನು ಕೊಳ್ಳುವವರು ಯಾರು? ಹಳೆಯದು ಕೆಟ್ಟವರು ಮಾತ್ರ. ಒಂದು ಕುಕ್ಕರ್ 5 ವರ್ಷ ಬಾಳಿದರೆ ಆ ಊರಿನಲ್ಲಿ ವರ್ಷಕ್ಕೆ ಸರಾಸರಿ 20 ಮಾರಾಟವಾಗುತ್ತವೆ. 20 ವರ್ಷ ಬಾಳಿದರೆ ವರ್ಷಕ್ಕೆ 5 ಮಾತ್ರ. ವಸ್ತು ಎಷ್ಟು ಗಟ್ಟಿಯೋ ಮಾರಾಟ ಅಷ್ಟು ಕಡಿಮೆ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಟ್ಯಾಬ್ ಬಂದದ್ದು ಹೇಗೆ?

ಕೈಯಲ್ಲಿ ಹಿಡಿಯುವ, ಪುಸ್ತಕದಷ್ಟೇ ದೊಡ್ಡ ಗಣಕದ ಕನಸು ಹಳೆಯದು. ಅಮೆರಿಕದ ಅಲನ್ ಕೇ ಎಂಬ ವಿಜ್ಞಾನಿ 1972ರಲ್ಲಿ ಅಂತಹ ಯಂತ್ರದ ಚಿತ್ರ ಬರೆದು ವಿವರಿಸಿದ್ದರು. ಅದನ್ನು ಅವರು ಯೋಚಿಸಿದ್ದು ಯಾರಿಗಾಗಿ ಗೊತ್ತೇ? ಮಕ್ಕಳಿಗಾಗಿ! ಆದರೆ ಆಗಿನ ಗಣಕಗಳು ಮೇಜನ್ನೋ ಕೋಣೆಯನ್ನೋ ತುಂಬುವಷ್ಟು ದೊಡ್ಡವು. ಕನಸು ಕಾಗದದಲ್ಲೇ ಉಳಿಯಿತು.

ನಮ್ಮ ಬೆಂಗಳೂರಿನಲ್ಲೂ ಒಂದು ಪ್ರಯತ್ನ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಎಂಬ ಕಂಪನಿಯ ಎಂಜಿನಿಯರುಗಳು ಸೇರಿ ಸಿಂಪ್ಯೂಟರ್ ಎಂಬ ಅಂಗೈಗಣಕವನ್ನು ರೂಪಿಸಿದರು. ಓದುಬರಹ ಬಾರದವರೂ ಬಳಸುವಂತಿರಬೇಕು, ಬೆಲೆ ಕಡಿಮೆ ಇರಬೇಕು ಎಂಬುದು ಅವರ ಆಸೆ. ಅದರ ಪರದೆಯನ್ನು ಪುಟ್ಟ ಕಡ್ಡಿಯಿಂದ ಒತ್ತಬೇಕಿತ್ತು. 2004ರಲ್ಲಿ ಅದು ಮಾರುಕಟ್ಟೆಗೆ ಬಂದಿತಾದರೂ ಕೆಲವೇ ಸಾವಿರ ಮಾರಾಟವಾಯಿತು.

2010ರಲ್ಲಿ ಅಮೆರಿಕದ ಆಪಲ್ ಕಂಪನಿ ಐಪ್ಯಾಡ್ ಅನ್ನು ತಂದಾಗ ಚಿತ್ರ ಬದಲಾಯಿತು. ಮೊದಲ ದಿನವೇ ಮೂರು ಲಕ್ಷ, 80 ದಿನಗಳಲ್ಲಿ 30 ಲಕ್ಷ ಐಪ್ಯಾಡ್‌ಗಳು ಮಾರಾಟವಾದವು. ಇದರ ಪರದೆಗೆ ಕಡ್ಡಿ ಬೇಡ, ಒತ್ತುವುದೂ ಬೇಡ. ಗಾಜಿನ ಅಡಿಯಲ್ಲಿ ವಿದ್ಯುತ್ತನ್ನು ಹರಿಯಗೊಡುವ ತೆಳ್ಳನೆಯ ಪಾರದರ್ಶಕ ಪದರವಿರುತ್ತದೆ. ನಮ್ಮ ದೇಹವೂ ವಿದ್ಯುದ್ವಾಹಕ. ಬೆರಳು ತಾಗಿದ ಜಾಗದಲ್ಲಿ ವಿದ್ಯುದಾವೇಶ ಅತಿ ಸ್ವಲ್ಪ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು, ಎಲ್ಲಿ ಮುಟ್ಟಿದಿರಿ ಎಂದು ಯಂತ್ರ ತಿಳಿದುಕೊಳ್ಳುತ್ತದೆ. ಉಗುರಿನ ತುದಿಯಿಂದ ಕುಕ್ಕಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಬೇಕಾದರೆ ಮನೆಯ ಫೋನಿನಲ್ಲಿ ಪರೀಕ್ಷಿಸಿ.

ಬೇರೆ ಕಂಪನಿಗಳೂ ಟ್ಯಾಬ್ ಮಾಡಿದವು. ನಾಲ್ಕೇ ವರ್ಷಗಳಲ್ಲಿ ವರ್ಷಕ್ಕೆ 23 ಕೋಟಿ! ಕುಕ್ಕರ್ ಕಥೆಯ ಎರಡನೇ ವರ್ಷ ಇದು.

ಫೋನು ಬೆಳೆಯಿತು

ನಿಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಟ್ಯಾಬ್ ಇರಲಿಕ್ಕಿಲ್ಲ. ಆದರೆ ಅಗಲ ಪರದೆಯ ಫೋನು ಇರಬಹುದು. ಒಗಟಿನ ಅರ್ಧ ಉತ್ತರ ಅದರಲ್ಲೇ ಇದೆ. ಅದನ್ನು ಕಾಗದದ ಮೇಲೆ ಬರೆದೇ ನೋಡೋಣ. ಒಂದು ಹಳೆಯ ದಿನಪತ್ರಿಕೆ ಮತ್ತು ಅಳತೆಪಟ್ಟಿ ತೆಗೆದುಕೊಳ್ಳಿ.

20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಆಯತ ಬರೆಯಿರಿ. ಇದು ಹೆಚ್ಚೂಕಡಿಮೆ ಮೊದಲ ಐಪ್ಯಾಡ್‌ನ ಪರದೆ. ಒಂದು ಮೂಲೆಯಿಂದ ಎದುರು ಮೂಲೆಗೆ ಗೆರೆ ಎಳೆದು ಅಳೆಯಿರಿ. ಸರಿಯಾಗಿ 25 ಸೆಂ.ಮೀ. ಬಂತೇ? ಇದೇ ಕರ್ಣ. ಟಿ.ವಿ., ಫೋನು, ಟ್ಯಾಬ್‌ಗಳ ಪರದೆ ಇಷ್ಟು ಅಂಗುಲ ಎಂದು ಜಾಹೀರಾತಿನಲ್ಲಿ ಹೇಳುವುದು ಈ ಕರ್ಣದ ಅಳತೆಯನ್ನೇ.

ಈಗ 7.5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಇನ್ನೊಂದು ಆಯತ ಬರೆಯಿರಿ. 2007ರಲ್ಲಿ ಬಂದ ಮೊದಲ ಐಫೋನ್‌ನ ಪರದೆ ಸುಮಾರು ಇಷ್ಟಿತ್ತು. ಎರಡರ ವಿಸ್ತೀರ್ಣ ಲೆಕ್ಕ ಹಾಕಿ. ಒಂದು 300 ಚದರ ಸೆಂ.ಮೀ., ಇನ್ನೊಂದು 37.5. ಅಂದರೆ ಟ್ಯಾಬ್‌ನ ಪರದೆ ಫೋನಿನ ಪರದೆಗಿಂತ ಎಂಟು ಪಟ್ಟು ದೊಡ್ಡದು! ಫೋನಿನಲ್ಲಿ ಸಿನಿಮಾ ನೋಡಲು ಕಣ್ಣು ಕಿರಿದು ಮಾಡಬೇಕಿತ್ತು, ಟ್ಯಾಬ್‌ನಲ್ಲಿ ಹಾಯಾಗಿ ನೋಡಬಹುದಿತ್ತು. ಕೊಳ್ಳಲು ಒಳ್ಳೆಯ ಕಾರಣವೇ.

ಮೂರನೆಯ ಆಯತ 15 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ ಇರಲಿ. ಇದು ಇಂದು ಬಸ್ಸಿನಲ್ಲಿ ಎಲ್ಲರ ಕೈಯಲ್ಲೂ ಕಾಣುವ ಫೋನಿನ ಪರದೆ. ವಿಸ್ತೀರ್ಣ 105. ಈಗ ಟ್ಯಾಬ್ ಮೂರು ಪಟ್ಟೂ ದೊಡ್ಡದಲ್ಲ. 2012ರ ಸುಮಾರಿಗೆ ಕರ್ಣ 7 ಅಂಗುಲ ಇರುವ ಸಣ್ಣ ಟ್ಯಾಬ್‌ಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು. ಅವುಗಳ ಪರದೆಯ ಉದ್ದ 15 ಸೆಂ.ಮೀ., ಅಗಲ 9.5 ಸೆಂ.ಮೀ.ನಷ್ಟು. ಇಂದಿನ ಫೋನಿನ ಉದ್ದವೂ ಅಷ್ಟೇ ಇದೆ. ಅಗಲದಲ್ಲಿ ಮಾತ್ರ ಎರಡೂವರೆ ಸೆಂ.ಮೀ. ಕಡಿಮೆ!

ಫೋನು ಒಂದೇ ದಿನದಲ್ಲಿ ಇಷ್ಟು ದೊಡ್ಡದಾಗಲಿಲ್ಲ. 2011ರಲ್ಲಿ ಸ್ಯಾಮ್‌ಸಂಗ್ ಕಂಪನಿ 5.3 ಅಂಗುಲ ಪರದೆಯ ಗ್ಯಾಲಕ್ಸಿ ನೋಟ್ ತಂದಾಗ, ಇಷ್ಟು ದೊಡ್ಡ ಹಲಗೆಯನ್ನು ಕಿವಿಗೆ ಹಿಡಿದು ಮಾತನಾಡುವುದೇ ಎಂದು ನಕ್ಕವರಿದ್ದರು. 2014ರಲ್ಲಿ ಆಪಲ್ ಕೂಡ 5.5 ಅಂಗುಲದ ಐಫೋನ್ ತಂದಿತು. ಟ್ಯಾಬ್ ಮಾರಾಟ ತುದಿ ಮುಟ್ಟಿದ್ದು ಅದೇ ವರ್ಷ ಎಂಬುದನ್ನು ಗಮನಿಸಿ. ಫೋನಿನಲ್ಲಿ ಮಾತನಾಡಬಹುದು, ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಹಣ ಪಾವತಿಸಬಹುದು. ಒಂದನ್ನೇ ಕೊಳ್ಳಲು ಹಣವಿರುವ ಮನೆಯವರು ಯಾವುದನ್ನು ಆರಿಸಿಕೊಳ್ಳುತ್ತಾರೆ?

ಇನ್ನೊಂದು ಕಡೆಯಿಂದ ಲ್ಯಾಪ್‌ಟಾಪ್ ತೆಳ್ಳಗಾಗಿ, ಹಗುರಾಗಿ ಹತ್ತಿರ ಬಂತು. ಗಾಜಿನ ಮೇಲೆ ಬೆರಳಾಡಿಸಿ ನಾಲ್ಕು ಪುಟದ ಪ್ರಬಂಧ ಬರೆಯುವುದು ಸುಲಭವಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡುವ ದೊಡ್ಡ ಯೋಜನೆ 2013ರಲ್ಲಿ ಶುರುವಾಗಿ, ಹಲವು ತೊಂದರೆಗಳಿಂದ ಮರುವರ್ಷವೇ ನಿಂತುಹೋಯಿತು. ಆ ದೇಶದ ಬಹಳಷ್ಟು ಶಾಲೆಗಳು ಕೀಲಿಮಣೆ ಇರುವ ಕ್ರೋಮ್‌ಬುಕ್ ಎಂಬ ಅಗ್ಗದ ಲ್ಯಾಪ್‌ಟಾಪ್‌ಗಳನ್ನು ಆರಿಸಿಕೊಂಡವು.

ಬೇಗ ಸವೆಯದ ಯಂತ್ರ

ಇನ್ನು ಒಗಟಿನ ಉಳಿದರ್ಧ. ಫೋನು ದಿನವೆಲ್ಲ ನಮ್ಮೊಂದಿಗೆ ತಿರುಗುತ್ತದೆ, ಕೆಳಗೆ ಬೀಳುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಟ್ಯಾಬ್ ಬಹುಪಾಲು ಮನೆಯಲ್ಲೇ ಇರುತ್ತದೆ. ಸಂಜೆ ಒಂದೆರಡು ಗಂಟೆ ಕೆಲಸ, ಆಮೇಲೆ ಕಪಾಟಿನಲ್ಲಿ ವಿಶ್ರಾಂತಿ.

ಅದರ ಬ್ಯಾಟರಿಯ ವಿಷಯ ನೋಡಿ. ಇದು ಲಿಥಿಯಂ ಅಯಾನು ಬ್ಯಾಟರಿ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಬ್ಯಾಟರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಆದರೆ ಬೆಳಿಗ್ಗೆ ಪೇಟೆಗೆ ಹೋದವರಲ್ಲಿ ಒಂದಿಬ್ಬರು ಸಂಜೆಯ ಬಸ್ಸಿಗೆ ಬಾರದೆ ಅಲ್ಲೇ ಉಳಿಯುವಂತೆ, ಪ್ರತಿ ಸುತ್ತಿನಲ್ಲೂ ಕೆಲವು ಅಯಾನುಗಳು ಸಿಕ್ಕಿಬೀಳುತ್ತವೆ. ಹೀಗೆ ಬ್ಯಾಟರಿಯ ಶಕ್ತಿ ಕುಂದುತ್ತದೆ. 1000 ಸುತ್ತು ಪೂರ್ತಿ ಚಾರ್ಜ್ ಆದ ಮೇಲೂ ಮೊದಲಿನ ಶೇಕಡ 80ರಷ್ಟು ಶಕ್ತಿ ಉಳಿಯುವಂತೆ ಐಪ್ಯಾಡ್ ಬ್ಯಾಟರಿಯನ್ನು ರೂಪಿಸಿದ್ದೇವೆ ಎಂದು ಆಪಲ್ ಹೇಳುತ್ತದೆ. ದಿನಕ್ಕೊಂದು ಸುತ್ತಾದರೆ 1000 ಸುತ್ತು ಮೂರು ವರ್ಷದೊಳಗೆ ಮುಗಿಯುತ್ತದೆ. ಮೂರು ದಿನಕ್ಕೊಂದು ಸುತ್ತಾದರೆ? ನೀವೇ ಲೆಕ್ಕ ಹಾಕಿ, ಎಂಟು ವರ್ಷ ದಾಟುತ್ತದೆ. ಸುಮ್ಮನೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುತ್ತದೆ, ಬಿಸಿಲು ಸೆಕೆಗೆ ಇನ್ನೂ ಬೇಗ. ಆದ್ದರಿಂದ ಪೂರ್ತಿ ಎಂಟು ವರ್ಷ ಬಾರದಿರಬಹುದು. ಆದರೂ ನಾಲ್ಕೈದು ವರ್ಷದ ಟ್ಯಾಬ್ ಚೆನ್ನಾಗಿಯೇ ಓಡುತ್ತಿರುತ್ತದೆ. ಹೊಸದನ್ನು ಏಕೆ ಕೊಳ್ಳಬೇಕು?

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಈ ಲೆಕ್ಕ ಒಮ್ಮೆಗೇ ಏರುಪೇರಾಯಿತು. ಆಗ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರು 'ವಿದ್ಯಾಗಮ' ಎಂದು ಮರದ ನೆರಳಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ನಿಮ್ಮ ಅಕ್ಕ, ಅಣ್ಣಂದಿರನ್ನು ಕೇಳಿದರೆ ಹೇಳುತ್ತಾರೆ. ಹಣವಿದ್ದವರು, ಹಣವಿದ್ದ ದೇಶಗಳು ಟ್ಯಾಬ್ ಕೊಂಡರು. 2020ರಲ್ಲೂ 2021ರಲ್ಲೂ ಮಾರಾಟ 16 ಕೋಟಿ ದಾಟಿತು. ಶಾಲೆ ತೆರೆದ ಮೇಲೆ ಮತ್ತೆ ಇಳಿಯಿತು. ಆಗ ಕೊಂಡವು ಹಳತಾಗತೊಡಗಿದಾಗ, 2024ರಲ್ಲಿ, ಸ್ವಲ್ಪ ಏರಿ 14 ಕೋಟಿ ದಾಟಿತು. ಅದೇ ಕುಕ್ಕರಿನ ಲೆಕ್ಕ! ಎಲ್ಲರೂ ಒಂದೇ ಸಲ ಕೊಂಡರೆ ಮುಂದೆ ಕೆಲವು ವರ್ಷ ಅಂಗಡಿ ಬಿಕೋ ಎನ್ನುತ್ತದೆ. ಆಮೇಲೆ ಮತ್ತೆ ಗಿರಾಕಿಗಳು ಬರುತ್ತಾರೆ.

ಗ್ಯಾಸ್ಕೆಟ್ ಸಿಗದಿದ್ದರೆ?

ಕುಕ್ಕರಿನಲ್ಲಿ ಮೊದಲು ಹಾಳಾಗುವುದು ಯಾವುದು? ಮುಚ್ಚಳದ ಒಳಗಿರುವ ರಬ್ಬರಿನ ಗ್ಯಾಸ್ಕೆಟ್. ಪೇಟೆಗೆ ಹೋದಾಗ ಹೊಸ ಗ್ಯಾಸ್ಕೆಟ್ ತಂದು ಅಮ್ಮನೋ ಅಪ್ಪನೋ ಒಂದು ನಿಮಿಷದಲ್ಲಿ ಹಾಕುತ್ತಾರೆ. ಅದಕ್ಕಾಗಿ ಇಡೀ ಕುಕ್ಕರನ್ನು ಯಾರೂ ಎಸೆಯುವುದಿಲ್ಲ.

ಟ್ಯಾಬ್‌ನಲ್ಲಿ ಗ್ಯಾಸ್ಕೆಟ್‌ನಂತೆ ಸವೆಯುವ ಭಾಗ ಬ್ಯಾಟರಿ. ಆದರೆ ಹೆಚ್ಚಿನ ಟ್ಯಾಬ್‌ಗಳಲ್ಲಿ ಅದನ್ನು ಒಳಗೆ ಅಂಟಿನಿಂದ ಅಂಟಿಸಿರುತ್ತಾರೆ. ಮೇಲಿನ ಗಾಜನ್ನು ಬಿಸಿ ಮಾಡಿ, ಒಡೆಯದಂತೆ ಎಬ್ಬಿಸಿ, ಬ್ಯಾಟರಿ ಕೀಳಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ, ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹತ್ತಬಹುದು.

ಸವೆಯುವ ಇನ್ನೊಂದು ಭಾಗ ಕಣ್ಣಿಗೆ ಕಾಣುವುದೇ ಇಲ್ಲ. ಅದು ತಂತ್ರಾಂಶ. ಐಪ್ಯಾಡ್ 2 ಎಂಬ ಟ್ಯಾಬ್ 2011ರಿಂದ 2014ರ ಮಾರ್ಚ್‌ವರೆಗೂ ಮಾರಾಟವಾಯಿತು. 2016ರ ಸೆಪ್ಟೆಂಬರಿನಲ್ಲಿ ಬಂದ ಹೊಸ ತಂತ್ರಾಂಶ ಅದರಲ್ಲಿ ನಡೆಯಲಿಲ್ಲ. 2011ರಲ್ಲಿ ಕೊಂಡವರಿಗೆ ಐದು ವರ್ಷದ ಮೇಲೆ ಸಿಕ್ಕಿತು, ಸರಿ. 2014ರ ಆರಂಭದಲ್ಲಿ ಕೊಂಡವರಿಗೆ ಸಿಕ್ಕಿದ್ದು ಎರಡೂವರೆ ವರ್ಷ. ಹೀಗಾದಾಗ ಗಾಜು ಸರಿಯಿರುತ್ತದೆ, ದೀಪ ಬೆಳಗುತ್ತದೆ, ಆದರೆ ಹೊಸ ಪಾಠದ ಆಪ್ ಹಾಕಲು ಹೋದರೆ ತೆರೆಯುವುದಿಲ್ಲ. ಕುಕ್ಕರ್ ಗಟ್ಟಿಯಾಗಿದ್ದರೂ ಇಂದಿನ ಅಕ್ಕಿಯನ್ನು ಬೇಯಿಸಲಾರೆ ಎಂದಂತೆ! ಇಂತಹ ಟ್ಯಾಬ್‌ಗಳಲ್ಲಿ ಎಷ್ಟೋ ಮೇಜಿನ ಖಾನೆ ಸೇರುತ್ತವೆ, ಆಮೇಲೆ ಕಸ. ಗಣಿಯಿಂದ ಅಗೆದು ತೆಗೆದ ಲಿಥಿಯಂ, ಕೋಬಾಲ್ಟ್, ತಾಮ್ರ, ಚಿನ್ನ ಎಲ್ಲವೂ ಅದರೊಳಗೆ ಹಾಗೇ ಇರುತ್ತವೆ.

ಈ ಬಗ್ಗೆ ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ನಿಯಮ ಮಾಡಿತು. 2025ರ ಜೂನ್ 20ರಿಂದ ಅದು ಜಾರಿಗೆ ಬಂದಿದೆ. ಅದರಂತೆ ಯುರೋಪಿನಲ್ಲಿ ಮಾರುವ ಫೋನು, ಟ್ಯಾಬ್‌ಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ತಂತ್ರಾಂಶದ ಪರಿಷ್ಕರಣೆ ಸಿಗಬೇಕು, 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ಇದರಿಂದ ಟ್ಯಾಬ್‌ಗಳು ಇನ್ನಷ್ಟು ವರ್ಷ ಬಾಳಿದರೆ ಮಾರಾಟ ಏನಾಗುತ್ತದೆ? ಮೇಲಿನ 100 ಮನೆಗಳ ಲೆಕ್ಕ ನಿಮ್ಮ ಬಳಿ ಇದೆ, ಮಾಡಿ ನೋಡಿ.

ಹಾಗೆಯೇ ನಿಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ ಕೇಳಿ: ಕುಕ್ಕರ್ ಕೊಂಡು ಎಷ್ಟು ವರ್ಷವಾಯಿತು? ಇದುವರೆಗೆ ಎಷ್ಟು ಗ್ಯಾಸ್ಕೆಟ್ ಬದಲಿಸಿದ್ದೀರಿ? ಈಗಿನ ಫೋನು ಕೊಂಡು ಎಷ್ಟು ವರ್ಷ? ಹಿಂದಿನ ಫೋನು ಏಕೆ ಹೋಯಿತು, ಒಡೆದು ಹೋಯಿತೇ, ಬ್ಯಾಟರಿ ಸತ್ತಿತೇ, ಆಪ್ ತೆರೆಯದಾಯಿತೇ? ಉತ್ತರಗಳನ್ನು ಕೋಷ್ಟಕದಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿ.