ನಲವತ್ತೈದು ಅಕ್ಷರಗಳ ಪದ

ಇಂಗ್ಲಿಷ್ ಕಲಿಯಹೊರಟ ನಮ್ಮವರಿಗೆ ಆ ಭಾಷೆಯ ಉದ್ದುದ್ದ ಪದಗಳ ಮೇಲೆ ಒಂದು ಬಗೆಯ ಭಯಭಕ್ತಿ. ನಾನೂ ಅದಕ್ಕೆ ಹೊರತಾಗಿರಲಿಲ್ಲ. ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಒಂದು ಸಣ್ಣ ನೋಟುಪುಸ್ತಕವನ್ನಿಟ್ಟುಕೊಂಡು, ಎಲ್ಲಿ ಉದ್ದದ ಪದ ಕಂಡರೂ ಅದರ ಅಕ್ಷರಗಳನ್ನೆಣಿಸಿ ಬರೆದಿಡುತ್ತಿದ್ದೆ. ಅರ್ಥಕ್ಕೆಂದು ಪಕ್ಕದಲ್ಲಿ ಬಿಟ್ಟ ಸ್ಥಳ ಮಾತ್ರ ಬಹುಮಟ್ಟಿಗೆ ಬರಿದಾಗಿಯೇ ಉಳಿಯಿತು.

ಆ ಪುಸ್ತಕದ ಮೊದಲ ಪುಟದಲ್ಲಿದ್ದುದು ‘ಹಾನರಿಫಿಕಾಬಿಲಿಟ್ಯೂಡಿನಿಟಾಟಿಬಸ್’. 27 ಅಕ್ಷರಗಳ ಪದ. ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದ ಐದನೆಯ ಅಂಕದಲ್ಲಿ ಕಾಸ್ಟರ್ಡ್ ಎಂಬ ಹಳ್ಳಿಗನ ಬಾಯಿಂದ ಇದು ಹೊರಡುತ್ತದೆ. ಗೌರವಕ್ಕೆ ಪಾತ್ರನಾಗಬಲ್ಲ ಸ್ಥಿತಿ ಎಂಬುದು ಮೂಲ ಲ್ಯಾಟಿನ್ನಿನ ತಾತ್ಪರ್ಯ. ಪಂಡಿತರು ಲ್ಯಾಟಿನ್ನಿನ ಚೂರುಗಳನ್ನು ಉದುರಿಸುತ್ತ ನಿಂತಿರುವಾಗ, ಈ ಪದದಷ್ಟೂ ಉದ್ದವಿಲ್ಲದ ಪುಟ್ಟ ಹುಡುಗನನ್ನು ಅವನ ಒಡೆಯ ಮಾತೆಂದು ತಿಳಿದು ಇನ್ನೂ ನುಂಗಿಲ್ಲವಲ್ಲ ಎಂದು ಹಳ್ಳಿಗ ಅಚ್ಚರಿಪಡುತ್ತಾನೆ. ಉದ್ದದ ಮಾತನ್ನು ಗೇಲಿ ಮಾಡಲೆಂದೇ ಕವಿ ತಂದ ಪದವನ್ನು ನಾನು ಪೂಜೆಗಿಟ್ಟಿದ್ದೆ!

ಎರಡನೆಯದು ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’, 29 ಅಕ್ಷರ. 1741ರಲ್ಲಿ ವಿಲಿಯಂ ಶೆನ್‌ಸ್ಟನ್ ಎಂಬ ಕವಿ ತನ್ನ ಪತ್ರವೊಂದರಲ್ಲಿ, ಹಣವನ್ನು ಲೆಕ್ಕಕ್ಕಿಡದ ಒಬ್ಬನ ಗುಣವನ್ನು ಹೇಳಲು ಇದನ್ನು ಬಳಸಿದ. ಉಣ್ಣೆಯ ಎಳೆ, ಕ್ಷುಲ್ಲಕ ವಸ್ತು, ಶೂನ್ಯ, ಕೂದಲು ಎಂಬರ್ಥದ ನಾಲ್ಕು ಲ್ಯಾಟಿನ್ ಶಬ್ದಗಳನ್ನು ಸಾಲಾಗಿ ಪೋಣಿಸಿದರೆ ಈ ಪದವಾಗುತ್ತದೆ. ತೃಣಸಮಾನವೆಂದು ಎಣಿಸುವುದು ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದನ್ನು ಹೇಳಲು ಇಷ್ಟೆಲ್ಲ ಸಂಭ್ರಮ.

ಈ ಎರಡು ಪದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ‘ಐ’ ಎಂಬ ಅಕ್ಷರ ಮೊದಲನೆಯದರಲ್ಲಿ 7 ಸಲ, ಎರಡನೆಯದರಲ್ಲಿ 9 ಸಲ ಬರುತ್ತದೆ. ‘ಎ’, ‘ಓ’, ‘ಯು’ಗಳೂ ಎರಡರಲ್ಲಿಯೂ ಉಂಟು. ಇಲ್ಲದಿರುವುದು ‘ಇ’ ಒಂದೇ. ಅದೇ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಅಕ್ಷರ! ಇಲ್ಲಿ ಆಕಸ್ಮಿಕವಾಗಿ ತಪ್ಪಿಹೋದುದನ್ನು ವ್ರತದಂತೆ ಬಿಟ್ಟವರೂ ಇದ್ದಾರೆ. ಅರ್ನೆಸ್ಟ್ ವಿನ್ಸೆಂಟ್ ರೈಟ್ ಎಂಬಾತ 1939ರಲ್ಲಿ ಪ್ರಕಟಿಸಿದ ‘ಗ್ಯಾಡ್ಸ್‌ಬಿ’ ಕಾದಂಬರಿಯ ಕಥೆ ‘ಇ’ ಅಕ್ಷರವಿಲ್ಲದ ಸುಮಾರು 50,000 ಪದಗಳಲ್ಲಿ ಸಾಗುತ್ತದೆ. ನಮಗೆ ಇದು ಹೊಸ ವಿದ್ಯೆಯೇನೂ ಅಲ್ಲ. ದಂಡಿಯ ‘ದಶಕುಮಾರಚರಿತ’ದಲ್ಲಿ ಪ್ರಿಯೆಯ ದಂತಕ್ಷತದಿಂದ ತುಟಿ ನೊಂದ ಮಂತ್ರಗುಪ್ತ, ಓಷ್ಠ್ಯಾಕ್ಷರಗಳನ್ನು ಮುಟ್ಟದೆಯೇ ತನ್ನ ಕಥೆಯನ್ನೆಲ್ಲ ಹೇಳುತ್ತಾನೆ. ಅಲ್ಲಿ ಅಕ್ಷರ ಬಿಡುವುದಕ್ಕೆ ಒಂದು ನೋವಿನ ಕಾರಣವಿತ್ತು ಎಂಬುದಷ್ಟೇ ವ್ಯತ್ಯಾಸ.

ಮೂರನೆಯ ಪದ ‘ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ’, 28 ಅಕ್ಷರ. ಇಂಗ್ಲೆಂಡಿನ ಚರ್ಚಿಗೂ ರಾಜ್ಯಕ್ಕೂ ಇರುವ ಸಂಬಂಧವನ್ನು ಕಡಿದುಹಾಕಬಾರದೆಂಬ ವಾದ ಇದರ ಅರ್ಥ. ನಡುವೆ ನಿಂತ ಒಂದು ಧಾತುವಿಗೆ ಹಿಂದೆ ಎರಡು, ಮುಂದೆ ಮೂರು ಪ್ರತ್ಯಯಗಳು. ಕನ್ನಡಿಗನು ಇದಕ್ಕೆ ಬೆದರಬೇಕಾಗಿಲ್ಲ. ‘ನೋಡಿಸಿಕೊಂಡುಬರಬೇಕಾಗಿತ್ತಲ್ಲವೇ’ ಎಂದು ನಮ್ಮ ಮನೆಯ ಮುದುಕಿಯರು ಅಡಕೆ ಜಗಿಯುತ್ತಲೇ ಹೇಳುತ್ತಾರೆ. ಅವರ ಮಾತನ್ನು ಯಾರೂ ಎಣಿಸಿ ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

ಕೊನೆಯ ಪುಟದಲ್ಲಿದ್ದುದು ಎಲ್ಲಕ್ಕೂ ಹಿರಿಯದು: ‘ನ್ಯೂಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್’. 45 ಅಕ್ಷರ. 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷನಾಗಿದ್ದ ಎವರೆಟ್ ಸ್ಮಿತ್ ಇದನ್ನು ಹೊಸೆದನು. ವೈದ್ಯರ ಉದ್ದದ ಪರಿಭಾಷೆಯನ್ನು ಅಣಕಿಸುವಂತಿರುವ ಈ ಆಟದ ಪದ ಮುಂದೆ ನಿಘಂಟುಗಳನ್ನೂ ಹೊಕ್ಕಿತು. ಇದನ್ನು ತಡವರಿಸದೆ ಹೇಳಬಲ್ಲವನು ನಮ್ಮ ತರಗತಿಯಲ್ಲಿ ನಾನೊಬ್ಬನೇ.

ಒಂದು ಬೇಸಗೆಯ ರಜದಲ್ಲಿ, ಮನೆಯ ಜಗುಲಿಯ ಮೇಲೆ ನಾಲ್ಕು ಜನ ಹಿರಿಯರ ಮುಂದೆ ಈ ವಿದ್ಯೆಯನ್ನು ಪ್ರದರ್ಶಿಸಿದೆ. ಒರಳುಕಲ್ಲು, ಬೀಸುವಕಲ್ಲುಗಳನ್ನು ಕಡೆಯುವ ಕಲ್ಲುಕುಟಿಗನೊಬ್ಬ ಅಂದು ಅಂಗಳದಲ್ಲಿ ಕುಳಿತಿದ್ದ. ನಮ್ಮ ಮನೆಯ ಒರಳೂ ಅವನ ಉಳಿಯಿಂದಲೇ ಹುಟ್ಟಿದ್ದು. ಎಷ್ಟೋ ವರ್ಷಗಳಿಂದ ಅವನಿಗೆ ಒಣಕೆಮ್ಮು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ನನ್ನ ಪಾಠ ಮುಗಿದ ಮೇಲೆ, ಕೆಮ್ಮು ನಿಲ್ಲುವವರೆಗೆ ಕಾದು, “ಅದರ ಅರ್ಥ ಏನಪ್ಪ?” ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. “ಅದೊಂದು ರೋಗದ ಹೆಸರು” ಎಂದೆ.

ಅವನು ನಕ್ಕ. “ಇಷ್ಟುದ್ದದ ಹೆಸರಿನ ರೋಗ ನಮ್ಮಂಥವರಿಗೆ ಬರೋದಿಲ್ಲ ಬಿಡು” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ವರ್ಷ ಕಳೆಯುವುದರೊಳಗೆ ಅವನು ತೀರಿಕೊಂಡ. ಕೆಮ್ಮಿನಿಂದ ಸತ್ತನೆಂದು ಊರಿನವರು ಹೇಳಿದರು.

ಮುಂದೆ ನಾನು ಇಂಗ್ಲಿಷ್ ಅಧ್ಯಾಪಕನಾದೆ. ಒಂದು ದಿನ ಮಕ್ಕಳ ಬೇಸರ ಕಳೆಯಲೆಂದು ಈ ಪದವನ್ನು ಕರಿಹಲಗೆಯ ಮೇಲೆ ಬರೆದು, ನಿಘಂಟಿನ ನೆರವಿನಿಂದ ತುಂಡುತುಂಡಾಗಿ ಬಿಡಿಸುತ್ತ ಹೋದೆ. ‘ನ್ಯೂಮೋನೋ’ ಎಂದರೆ ಶ್ವಾಸಕೋಶ, ‘ಅಲ್ಟ್ರಾಮೈಕ್ರೋಸ್ಕೋಪಿಕ್’, ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಕಿರಿದು, ‘ಸಿಲಿಕೋ’, ಬೆಣಚುಕಲ್ಲಿನ ಸಾರ, ‘ವಾಲ್ಕೇನೋ’, ಜ್ವಾಲಾಮುಖಿ, ‘ಕೋನಿ’, ಧೂಳು, ‘ಓಸಿಸ್’, ರೋಗಸ್ಥಿತಿ. ಕಲ್ಲಿನ ನುಣ್ಣನೆಯ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನು ಕೆಡಿಸುವ ರೋಗ. ಸೀಮೆಸುಣ್ಣ ಹಿಡಿದ ಕೈ ಅಲ್ಲಿಯೇ ನಿಂತಿತು. ಅಂಗಳದಲ್ಲಿ ಕುಳಿತವನು ಕೇಳಿದ್ದು ತನ್ನ ಎದೆಯ ಅರ್ಥವನ್ನೇ.

ಜ್ವಾಲಾಮುಖಿ ನಮ್ಮ ಸೀಮೆಯಲ್ಲಿಲ್ಲ, ನಿಜ. ಆದರೆ ಅದನ್ನು ಬಿಟ್ಟರೂ ರೋಗ ಉಳಿಯುತ್ತದೆ. ವೈದ್ಯರು ಅದನ್ನು ‘ಸಿಲಿಕೋಸಿಸ್’ ಎನ್ನುತ್ತಾರೆ. ಬರೆದರೆ ಒಂಬತ್ತೇ ಅಕ್ಷರ. ಆ ಒಂಬತ್ತೂ 45ರೊಳಗೆ ಅದೇ ಸರದಿಯಲ್ಲಿ ಅಡಗಿವೆ. ಗ್ರಾನೈಟಿನಲ್ಲಿ ಬೆಣಚು ಉಂಟು. ಅದರ ಧೂಳು ಶ್ವಾಸಕೋಶದ ಆಳಕ್ಕಿಳಿದು ಕುಳಿತರೆ ಅಲ್ಲಿ ಗಾಯದ ಕಲೆ ಕಟ್ಟಿ, ಮೆತ್ತನೆಯ ಅಂಗ ಗಡುಸಾಗುತ್ತದೆ. ಹಾಗೆ ಗಡುಸಾದುದನ್ನು ಮತ್ತೆ ಮೃದುಗೊಳಿಸುವ ಔಷಧ ಇಂದಿಗೂ ಇಲ್ಲ. ಕ್ಷಯ ಅಂಥವರನ್ನು ಬೇಗ ಹಿಡಿಯುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರನ್ನೂ ಇದು ಕಾಡಿತು. ಕಲ್ಲಿಗೆ ನೀರು ಹನಿಸುತ್ತ ಕೆಲಸ ಮಾಡಿದರೆ ಧೂಳು ಏಳುವುದು ಎಷ್ಟೋ ಕಡಮೆಯಾಗುತ್ತದೆ.

ಅವನಿಗೆ ಇದ್ದುದು ಇದೇ ರೋಗವೆಂದು ಯಾವ ವೈದ್ಯನೂ ಬರೆದುಕೊಟ್ಟಿಲ್ಲ. ವೈದ್ಯನ ಮುಖವನ್ನೇ ಅವನು ಕಂಡಿದ್ದನೋ ಇಲ್ಲವೋ. ಬಾಲಕನಾದ ನಾನು ಅರ್ಥ ಹೇಳಿದ್ದರೂ ಅವನನ್ನು ಉಳಿಸುವುದು ಸಾಧ್ಯವಿರಲಿಲ್ಲ. ಆದರೂ ಒಂದು ಕೊಡ ನೀರು ಪಕ್ಕದಲ್ಲಿಟ್ಟುಕೊಳ್ಳೆಂದು ಅವನ ಮಗನಿಗಾದರೂ ಹೇಳಬಹುದಾಗಿತ್ತು.

ಆ ನೋಟುಪುಸ್ತಕ ಇನ್ನೂ ನನ್ನ ಬಳಿ ಇದೆ. ಕೊನೆಯ ಪುಟದ ಬರಿದಾದ ಸ್ಥಳದಲ್ಲಿ ಅಂದು ಸಂಜೆಯೇ ‘ಕಲ್ಲುಕುಟಿಗನ ಕೆಮ್ಮು’ ಎಂದು ಕನ್ನಡದಲ್ಲಿ ಬರೆದಿಟ್ಟೆ. ಅಕ್ಷರಗಳನ್ನು ಎಣಿಸಲಿಲ್ಲ.