ಎಂಆರ್‌ಪಿ ಗೊತ್ತು, ಮ್ಯಾಪ್ ಗೊತ್ತಾ?

ಸೋಪಿನ ಕವರ್ ಮೇಲೆ, ನೀರಿನ ಬಾಟಲಿ ಮೇಲೆ ಎಂಆರ್‌ಪಿ ನೋಡದವರು ಯಾರಿದ್ದಾರೆ? ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೆ ಜಗಳಕ್ಕೇ ನಿಲ್ತೀವಿ. ಇದು ಬೆಲೆಗೆ ಹಾಕಿದ ಮೇಲ್ಮಿತಿ. ಆದರೆ ಇದರ ಉಲ್ಟಾ ಕೂಡ ಇದೆ. "ಇದಕ್ಕಿಂತ ಕಡಿಮೆ ಅಂತ ಎಲ್ಲೂ ಬೋರ್ಡ್ ಹಾಕಬೇಡ" ಎಂದು ತಯಾರಿಸಿದ ಕಂಪನಿಯೇ ಅಂಗಡಿಯವನಿಗೆ ಕಟ್ಟಪ್ಪಣೆ ಮಾಡೋದು. ಅಮೆರಿಕದಲ್ಲಿ ಇದಕ್ಕೆ ಮ್ಯಾಪ್ ಅಂತಾರೆ, ಅಂದರೆ ಜಾಹೀರಾತಿನಲ್ಲಿ ತೋರಿಸಬಹುದಾದ ಕನಿಷ್ಠ ಬೆಲೆ. ಕ್ಯಾಮೆರಾ, ಹಾಸಿಗೆ, ಗಿಟಾರ್, ಎಲ್ಲದರಲ್ಲೂ ಇದೆ. ಆದರೆ ಇದರ ನಿಜವಾದ ಆಟ ನೋಡಬೇಕಾದರೆ ಅಲ್ಲಿನ ಬೇಟೆ ರೈಫಲ್ ಅಂಗಡಿಗೇ ಹೋಗಬೇಕು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಆಗುತ್ತೆ, ಆ ಮಾತು ಬೇರೆ. ಅಮೆರಿಕದಲ್ಲಿ ಹಾಗಲ್ಲ. ಶರತ್ಕಾಲ ಬಂತೆಂದರೆ ಜಿಂಕೆ ಬೇಟೆ ಸೀಸನ್. ಲೈಸೆನ್ಸ್ ಮಾಡಿಸಿ ಕಾಡಿಗೆ ಹೋಗೋದು ಹಳ್ಳಿ ಕಡೆಯ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಬಂದ ರೂಢಿ. ರೂಗರ್, ಸ್ಯಾವೇಜ್, ವಿಂಚೆಸ್ಟರ್ ಅಂತ ಹೆಸರು ಹೇಳಿಯೇ ರೈಫಲ್ ಕೊಳ್ತಾರೆ.

ಈಗ ಆ ವ್ಯಾಪಾರದ ವಿಚಿತ್ರ ನೋಡಿ. ಪುಸ್ತಕವನ್ನೋ ಬೂಟನ್ನೋ ಆನ್‌ಲೈನ್‌ನಲ್ಲಿ ತರಿಸಿದರೆ ಮನೆ ಬಾಗಿಲಿಗೇ ಬರುತ್ತೆ. ರೈಫಲ್ ಹಾಗೆ ಬರಲ್ಲ. 1968ರ ಬಂದೂಕು ನಿಯಂತ್ರಣ ಕಾಯ್ದೆ ಪ್ರಕಾರ ಬೇರೆ ರಾಜ್ಯದ ಅಂಗಡಿಯಿಂದ ಆನ್‌ಲೈನ್‌ನಲ್ಲಿ ತರಿಸಿದ ಬಂದೂಕು, ಗಿರಾಕಿಯ ಊರಿನ ಲೈಸೆನ್ಸ್ ಇರುವ ಡೀಲರ್ ಹತ್ತಿರವೇ ಬರಬೇಕು. ಅಲ್ಲಿ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು, ಆಮೇಲೆ ಕೈಗೆ ಸಿಗುತ್ತೆ. ಆ ಕೆಲಸಕ್ಕೆ ಡೀಲರ್ ಒಂದು ಫೀಸು ತಗೋತಾನೆ.

ಇದರ ಪರಿಣಾಮ ಏನು ಗೊತ್ತಾ? ಗಿರಾಕಿ ಊರಿನ ಅಂಗಡಿಗೆ ಬರ್ತಾನೆ. ನಾಲ್ಕು ರೈಫಲ್ ಎತ್ತಿ ಭುಜಕ್ಕಿಟ್ಟು ನೋಡ್ತಾನೆ, ಬೋಲ್ಟ್ ಎಳೀತಾನೆ, ಅರ್ಧ ಗಂಟೆ ಸಲಹೆ ಕೇಳ್ತಾನೆ. ಮನೆಗೆ ಹೋಗಿ ದೂರದ ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಬುಕ್ ಮಾಡ್ತಾನೆ. ವಾರ ಬಿಟ್ಟು ಪಾರ್ಸೆಲ್ ಬರೋದು ಅದೇ ಅಂಗಡಿಗೆ! ಯಾರ ಕೈಲಿ ರೈಫಲ್ ಮುಟ್ಟಿ ನೋಡಿದನೋ, ಅವನ ಕೈಯಿಂದಲೇ ಕಾಗದಪತ್ರ ಮಾಡಿಸಿಕೊಂಡು ಹೋಗ್ತಾನೆ. ಲಾಭ ಇನ್ಯಾರಿಗೋ, ಇವನಿಗೆ ಫೀಸು ಮಾತ್ರ. ಮ್ಯಾಪ್ ಬೇಕು ಎನ್ನುವ ಸಣ್ಣ ಡೀಲರ್‌ಗಳ ಸಂಕಟ ಇರೋದು ಇಲ್ಲೇ.

ಇಂಜಿನಿಯರಿಂಗ್ ಓದಿದವರಿಗೆ ಎಲ್ಲವನ್ನೂ ಲೆಕ್ಕ ಹಾಕುವ ಚಟ. ಉದಾಹರಣೆಗೆ ಇಟ್ಟುಕೊಳ್ಳಿ, ಡೀಲರ್‌ಗೆ ರೈಫಲ್ 520 ಡಾಲರ್‌ಗೆ ಬೀಳುತ್ತೆ. ನಿರ್ಬಂಧ ಇಲ್ಲದಿದ್ದರೆ ದೊಡ್ಡ ಆನ್‌ಲೈನ್ ಅಂಗಡಿ 540ಕ್ಕೆ ಕೊಡಬಹುದು. ಸಾಗಣೆ 20, ಊರಿನ ಡೀಲರ್ ಫೀಸು 30 ಸೇರಿಸಿ, 590 ಆಯ್ತು. ಈಗ ಕಂಪನಿ 600 ಡಾಲರ್ ಮ್ಯಾಪ್ ಹಾಕಿತು ಅನ್ನಿ. ಆನ್‌ಲೈನ್‌ನಲ್ಲಿ 600 ಕೊಟ್ಟು ಮೇಲಿನ 50 ಸೇರಿಸಿದರೆ 650. ಊರಿನ ಅಂಗಡಿಯಲ್ಲಿ ಅದೇ ರೈಫಲ್ 600. ಡೀಲರ್ ಉಳಿದ. ಗಿರಾಕಿ? ಮೊದಲು 590ಕ್ಕೆ ಸಿಗುತ್ತಿದ್ದುದಕ್ಕೆ 10 ಡಾಲರ್ ಜಾಸ್ತಿ ಕೊಟ್ಟ. ಪೈಪೋಟಿ ಇದ್ದಿದ್ದರೆ ಊರಿನವನೂ 570ಕ್ಕೆ ಇಳೀತಿದ್ದನೇನೋ. ಆ ಬೆಲೆ ಇವನಿಗೆ ಗೊತ್ತೇ ಆಗಲ್ಲ.

ಒಂದು ಸೂಕ್ಷ್ಮ ಇದೆ. ಮ್ಯಾಪ್ ಜಾಹೀರಾತಿಗೆ ಮಾತ್ರ, ಮಾರಾಟಕ್ಕಲ್ಲ. ಅಂಗಡಿಯೊಳಗೆ ನಿಂತು ಚೌಕಾಸಿ ಮಾಡಿದರೆ 575ಕ್ಕೆ ಕೊಡಬಹುದು, ಬೋರ್ಡ್ ಹಾಕುವಂತಿಲ್ಲ ಅಷ್ಟೇ. ಅದಕ್ಕೇ ಅಲ್ಲಿನ ವೆಬ್‌ಸೈಟುಗಳಲ್ಲಿ "ಬೆಲೆ ನೋಡಲು ಕಾರ್ಟ್‌ಗೆ ಹಾಕಿ", "ಬೆಲೆಗೆ ಫೋನ್ ಮಾಡಿ" ಎಂಬ ಕಣ್ಣಾಮುಚ್ಚಾಲೆ. ಅಂದರೆ ರಿಯಾಯಿತಿ ಸತ್ತಿಲ್ಲ, ಬಚ್ಚಿಟ್ಟುಕೊಂಡಿದೆ. ಬಾಯಿ ಇದ್ದವನಿಗೆ ಸಿಗುತ್ತೆ, ಸಂಕೋಚದವನಿಗೆ ಇಲ್ಲ. ನನ್ನ ಪ್ರಕಾರ ಈ ಪದ್ಧತಿಯಲ್ಲಿರುವ ದೊಡ್ಡ ಅನ್ಯಾಯ ಇದೇ.

ಡೀಲರ್‌ಗೂ ಇದು ಬರೀ ಸಿಹಿ ಅಲ್ಲ. ಸೀಸನ್ ಮುಗಿದು ಜನವರಿ ಬಂತು, ಐದು ರೈಫಲ್ ಉಳಿದಿದೆ ಅನ್ನಿ. "ಖಾಲಿ ಮಾಡ್ತಿದ್ದೀವಿ, ಕಡಿಮೆ ಬೆಲೆ" ಅಂತ ಪೇಪರ್‌ನಲ್ಲಿ ಹಾಕೋಣ ಎಂದರೆ ಮ್ಯಾಪ್ ಅಡ್ಡ ಬರುತ್ತೆ. ಹಾಕಿದರೆ ಕಂಪನಿ ಸರಕು ನಿಲ್ಲಿಸಬಹುದು. ಹಾಕದಿದ್ದರೆ ದುಡ್ಡು ಗೋಡೆ ಮೇಲೆ ನೇತಾಡ್ತಿರುತ್ತೆ.

ಇದು ಕಾನೂನುಬದ್ಧವೇ? 1911ರ ಡಾಕ್ಟರ್ ಮೈಲ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ತಯಾರಕ ಮತ್ತು ವ್ಯಾಪಾರಿ ಒಪ್ಪಂದ ಮಾಡಿಕೊಂಡು ಕನಿಷ್ಠ ಮಾರಾಟ ಬೆಲೆ ಕಟ್ಟುವುದೇ ತಪ್ಪು ಎಂದಿತ್ತು. 1919ರ ಕೋಲ್ಗೇಟ್ ತೀರ್ಪು ಒಂದು ಕಿಂಡಿ ತೆರೆಯಿತು: ಒಪ್ಪಂದ ಮಾಡಿಕೊಳ್ಳದೆ ಕಂಪನಿ ತಾನಾಗಿ ನೀತಿ ಪ್ರಕಟಿಸಿ, ಪಾಲಿಸದವರಿಗೆ ಸರಕು ಕೊಡದೇ ಇರಬಹುದು. ಆಮೇಲೆ 2007ರಲ್ಲಿ ಲೀಜಿನ್ ಪ್ರಕರಣ. ಟೆಕ್ಸಾಸ್‌ನ ಅಂಗಡಿಯೊಂದು ಬೆಲ್ಟು, ಬ್ಯಾಗುಗಳನ್ನು ಶೇ. 20 ರಿಯಾಯಿತಿಗೆ ಮಾರಿತು, ಕಂಪನಿ ಸರಕು ನಿಲ್ಲಿಸಿತು. ಐದು ನಾಲ್ಕರ ಬಹುಮತದಲ್ಲಿ ನ್ಯಾಯಮೂರ್ತಿ ಕೆನಡಿ ಬರೆದ ತೀರ್ಪು 1911ರದ್ದನ್ನು ತಳ್ಳಿಹಾಕಿತು. ಇನ್ಮುಂದೆ ಪ್ರತಿ ಪ್ರಕರಣದಲ್ಲೂ ಪೈಪೋಟಿಗೆ ಲಾಭವೋ ನಷ್ಟವೋ ತೂಗಿ ನೋಡಿ ಎಂದಿತು. ಸುಮ್ಮನಿರದ ಮೇರಿಲ್ಯಾಂಡ್ ರಾಜ್ಯ 2009ರಲ್ಲಿ ತನ್ನದೇ ಕಾನೂನು ತಂದು ಕನಿಷ್ಠ ಮಾರಾಟ ಬೆಲೆಯ ಒಪ್ಪಂದವನ್ನು ನಿಷೇಧಿಸಿತು.

ಇದೆಲ್ಲ ಅಮೆರಿಕದ ಕಥೆ, ನಮಗ್ಯಾಕೆ ಅಂತೀರಾ? ಕಾರ್ ಷೋರೂಂನಲ್ಲಿ "ಇಷ್ಟಕ್ಕಿಂತ ಡಿಸ್ಕೌಂಟ್ ಆಗಲ್ಲ ಸಾರ್, ಮೇಲಿಂದ ಆರ್ಡರ್ ಇದೆ" ಎನ್ನುವ ಮಾತು ಕೇಳಿದ್ದೀರಾ? ನಮ್ಮ 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 3(4)ರಲ್ಲಿ ಇದೇ ವಿಷಯ ಇದೆ. ಡೀಲರ್‌ಗಳ ರಿಯಾಯಿತಿಗೆ ಕಡಿವಾಣ ಹಾಕಿದ್ದಕ್ಕೆ ಸ್ಪರ್ಧಾ ಆಯೋಗ 2017ರಲ್ಲಿ ಹುಂಡೈಗೆ 87 ಕೋಟಿ ರೂಪಾಯಿ ದಂಡ ಹಾಕಿತು, 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದು ಮಾಡಿತು. 2021ರ ಆಗಸ್ಟ್‌ನಲ್ಲಿ ಮಾರುತಿ ಸುಜುಕಿಗೆ 200 ಕೋಟಿ ದಂಡ. ಗಿರಾಕಿಗಳ ವೇಷದಲ್ಲಿ ಏಜೆನ್ಸಿಯವರನ್ನು ಷೋರೂಂಗೆ ಕಳಿಸಿ, ಯಾವ ಡೀಲರ್ ಹೆಚ್ಚು ರಿಯಾಯಿತಿ ಕೊಡ್ತಾನೆ ಅಂತ ಪತ್ತೆ ಮಾಡಿ, ಅವನಿಗೆ ದಂಡ ಹಾಕುವ ವ್ಯವಸ್ಥೆ ಇತ್ತು ಎಂದು ಆಯೋಗ ಹೇಳಿತು. ಕಂಪನಿ ಮೇಲ್ಮನವಿಗೆ ಹೋಯಿತು.

ಆ ತನಿಖೆ ಶುರುವಾದದ್ದು ಹೆಸರು ಹಾಕದ ಒಂದು ಇಮೇಲ್‌ನಿಂದ. ಬರೆದದ್ದು ಗಿರಾಕಿಯಲ್ಲ, ಡೀಲರ್ ಎಂದು ಹೇಳಿಕೊಂಡವನು.